ಎಣ್ಣೆ ಹಚ್ಚಬಾರದ ಕಂಬ

ಮೊನ್ನೆ ಪಕ್ಕದ ಮನೆಯ ಬಾಣಂತಿಯನ್ನು ಮಾತಾಡಿಸಲು ಹೋಗಿದ್ದೆ. ಅಜ್ಜಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅದರ ನೆತ್ತಿಗೆ ಔಡಲ ಎಣ್ಣೆ ತಟ್ಟುತ್ತಿದ್ದಳು. ಬೆಚ್ಚಗೆ ಕಾಸಿದ ಎಣ್ಣೆ. ಅದರ ಮಂದ ವಾಸನೆ ಮೂಗಿಗೆ ಬಂದದ್ದೇ ತಡ, ಕೂಸಿಗೆಂದು ಹೊಲಿದು ತಂದಿದ್ದ ಕುಲಾಯಿಯನ್ನು ಹಾಸಿಗೆಯ ಮೇಲಿಟ್ಟು ಎದ್ದುಬಿಟ್ಟೆ. “ಚಾ ಇಟ್ಟೇನಿ, ಕುಂಡ್ರಿ” ಎಂದು ಒಳಗಿನಿಂದ ಕೂಗಿದರು. ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಹೊರಬಿದ್ದೆ. ನನಗೆ ಸೊಕ್ಕು ಎಂದು ಅವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಆ ವಾಸನೆ ಬಂದಾಗಲೆಲ್ಲ ನನ್ನ ಕಣ್ಣಿಗೆ ಯಾರು ಕಾಣುತ್ತಾರೆ ಎಂದು ಅವರಿಗೆ ಹೇಗೆ ಹೇಳುವುದು…

ನಾನು ಬೆಟಗೇರಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಜಂಪರು, ಚೂಡಿದಾರ, ಸೀರೆಗೆ ಫಾಲು, ಪಿಕೋ. ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ತೆಳ್ಳಗಿನ, ಕುಳ್ಳಗಿನ ಹೆಂಗಸೊಬ್ಬರು ಅಂಗಡಿಗೆ ಬಂದು, ಎಳೆದರೆ ಹಿಗ್ಗುವ ಕರಿ ಬಟ್ಟೆಯನ್ನು ಮೇಜಿನ ಮೇಲೆ ಹರವಿದರು.

“ಚಡ್ಡಿ ಹೊಲೀಬೇಕ್ರಿ. ತೊಡಿ ಪೂರಾ ಕಾಣಬೇಕು. ಇಲ್ಲಂದ್ರ ಕೆಲಸ ಆಗೂದಿಲ್ಲ.”

“ಸಣ್ಣ ಹುಡುಗರಿಗೇನ್ರಿ?”

“ಇಲ್ರಿ, ನಿಮ್ಮಂಥಾ ಹೆಣ್ಮಕ್ಕಳಿಗೆ.”

ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ಅವರನ್ನೇ ನೋಡಿದೆ. ಅವರು ನಗಲಿಲ್ಲ. ನಾಚಲೂ ಇಲ್ಲ. ಬಟ್ಟೆ ಕಟ್ಟಿಕೊಟ್ಟ ದಿನ ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಲೇಬೇಕು ಎನ್ನಿಸಿ ನಾನೂ ಹಿಂದೆ ಹೋದೆ. ನೋಡಲು ಹೋದವಳು ಅಲ್ಲೇ ಸೇರಿಕೊಂಡೆ.

ಗದಗಿನಲ್ಲಿ ಮುಚ್ಚಿಹೋಗಿದ್ದ ಒಂದು ಹಳೆಯ ಪ್ರೆಸ್ಸಿನ ಮಾಳಿಗೆ ಅದು. ಬೋರ್ಡಿನ ಮೇಲೆ ‘ಮಹಿಳೆಯರ ವ್ಯಾಯಾಮ ಕೇಂದ್ರ’ ಎಂದಿತ್ತು. ಒಳಗೆ ನೆಲದಿಂದ ಮಾಡಿನ ಕಬ್ಬಿಣದ ತೊಲೆಯವರೆಗೆ ನಟ್ಟನಡುವೆ ನಿಂತ ಒಂದು ಸ್ಟೀಲಿನ ಕಂಬ, ಅದರ ಬುಡಕ್ಕೆ ದಪ್ಪ ಗಾದಿ, ಗೋಡೆಗೆ ಒಂದು ಕನ್ನಡಿ. ಅಷ್ಟೇ. ಅಲ್ಲಿ ಕಲಿಸುತ್ತಿದ್ದುದು ಪೋಲ್ ಡಾನ್ಸ್. ಆ ಹೆಸರನ್ನು ನಾವ್ಯಾರೂ ಮಾಳಿಗೆಯ ಮೆಟ್ಟಿಲಿನಿಂದ ಕೆಳಗೆ ತರುತ್ತಿರಲಿಲ್ಲ. ಮನೆಯಲ್ಲಿ ಯೋಗ ಎಂದು ಹೇಳಿ ಬರುತ್ತಿದ್ದೆವು. ತೊಡೆಯ ಒಳಗೆ ನೀಲಿಗಟ್ಟಿದ್ದನ್ನು ನೋಡಿದ ನನ್ನ ಗಂಡ “ಯೋಗಾ ಮಾಡಿದ್ರ ಹಿಂಗೂ ಆಕ್ಕೈತೇನ?” ಎಂದು ಕೇಳಿದ್ದ. ಇದು ಬಹಳ ಕಠಿಣ ಯೋಗ ಎಂದು ಹೇಳಿ ತಪ್ಪಿಸಿಕೊಂಡಿದ್ದೆ.

ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ನಾವೂ ಅವರನ್ನು ಅಕ್ಕೋರು ಎಂದೇ ಕರೆದೆವು. ಮೊದಲ ವಾರವೆಲ್ಲ ಕಂಬ ಹಿಡಿದು ಸುತ್ತ ನಡೆಯುವುದೇ ಕಲಿಕೆ. ಒಂದು ಕೈ ಮೇಲೆ, ಹಿಮ್ಮಡಿ ಎತ್ತಿ, ಎದೆ ಮುಂದೆ ಮಾಡಿ ನಡೆಯಬೇಕು. ನಾನು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ಬೇಕರಿಯವರ ಸೊಸೆ ಬುರ್ಖಾ ಕಳಚಿ ಮೊಳೆಗೆ ಸಿಕ್ಕಿಸಿ, ನಾನು ಹೊಲಿದ ಚಡ್ಡಿಯಲ್ಲಿ ನಿಂತು, ಕನ್ನಡಿ ನೋಡಿ ತಾನೇ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆದರೆ ಎಲ್ಲರಿಗಿಂತ ಮೊದಲು ಕಂಬಕ್ಕೆ ಕಾಲು ಹೆಣೆದು ಮೇಲೇರಿದವಳೂ ಅವಳೇ. ನನಗೆ ತಿಂಗಳುಗಟ್ಟಲೆ ಬೇಕಾಯಿತು. ಏರಿದ ದಿನ, ಮೇಲಿನಿಂದ ಪ್ರೆಸ್ಸಿನ ಹಳೆಯ ಕಪಾಟುಗಳ ನೆತ್ತಿಯ ಧೂಳು ಕಂಡು ಯಾಕೋ ಅಳು ಬಂದಿತ್ತು. ಮದುವೆಯಾದ ಮೇಲೆ ನಾನು ಯಾವುದರ ಮೇಲೂ ಹತ್ತಿರಲಿಲ್ಲ.

ಅಕ್ಕೋರಿಗೆ ಒಂದೇ ಒಂದು ಹುಚ್ಚು ಶಿಸ್ತು ಇತ್ತು. ಎಣ್ಣೆ ಮುಟ್ಟಿ ಬರಬಾರದು. ಕ್ಲಾಸಿಗೆ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಕಂಬವನ್ನು ಮೇಲಿಂದ ಕೆಳಗೆ ಒರೆಸುತ್ತಿದ್ದರು. ತಲೆಗೆ ಎಣ್ಣೆ, ಕೈಗೆ ಕ್ರೀಮು, ಹಬ್ಬದ ಅಭ್ಯಂಜನ ಏನೇ ಇದ್ದರೂ ಆ ದಿನ ಬರುವಂತಿಲ್ಲ. ಒಮ್ಮೆ ನಾವು ನಗಾಡಿದ್ದಕ್ಕೆ, ಕೊಬ್ಬರಿ ಎಣ್ಣೆಯ ಒಂದು ಹನಿಯನ್ನು ಕಂಬಕ್ಕೆ ಸವರಿ, ಬೇಕರಿಯವರ ಸೊಸೆಗೆ ಹಿಡಿದು ಜೋತುಬೀಳಲು ಹೇಳಿದರು. ಅವಳು ಹಿಡಿದಳು, ಸರ್ರನೆ ಜಾರಿ ಗಾದಿಯ ಮೇಲೆ ಕುಂತಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕೋರು ಮಾತ್ರ ನಗಲಿಲ್ಲ.

“ನಗಬ್ಯಾಡ್ರಿ. ಸ್ಟೀಲಿಗೆ ಬರೇ ಚರ್ಮದ ಹಿಡಿತ. ಅರಿವಿ ನಿಲ್ಲೂದಿಲ್ಲ, ಎಣ್ಣಿ ನಿಲ್ಲಗೊಡೂದಿಲ್ಲ. ತಲಿ ಕೆಳಗಿದ್ದಾಗ ಇಷ್ಟ ಸಾಕು, ಜೀವಾ ಹೋಗಾಕ.”

ಆದರೂ ನಾನು ಹೆದರುತ್ತಿದ್ದುದು ಮೇಲಿನ ತೊಲೆಗೆ. ಯಾರಾದರೂ ಏರಿದಾಗಲೆಲ್ಲ ಅದು ಟಕ್ ಎನ್ನುತ್ತಿತ್ತು. ಅದು ಬಿಟ್ಟರೆ ಕೆಳಗಿನ ಚಾದಂಗಡಿಯಲ್ಲಿ ಕುಂತು ನಮ್ಮ ಕಿಟಕಿಯನ್ನೇ ನೋಡುತ್ತಿದ್ದ ಗಂಡಸರಿಗೆ ಹೆದರುತ್ತಿದ್ದೆ. ಒಮ್ಮೆ ಯಾರೋ ಕಲ್ಲು ಎಸೆದು ಕಿಟಕಿಯ ಗಾಜು ಒಡೆದರು. ಕೆಟ್ಟದ್ದು ಬರುವುದಾದರೆ ಆ ಕಡೆಯಿಂದಲೇ ಬರುತ್ತದೆ ಎಂದು ನಾವೆಲ್ಲ ಬಾಗಿಲಿಗೆ ಎರಡೆರಡು ಚಿಲಕ ಹಾಕಿಕೊಂಡು ಕೂತೆವು. ಅದು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು, ಮೆಟ್ಟಿಲ ಬಳಿ ಕೆರ ಬಿಟ್ಟು, ಭಕ್ತಿಯಿಂದ ಬರುತ್ತದೆ ಎಂದು ಯಾರಿಗೆ ಹೊಳೆದೀತು…

ಕ್ಲಾಸು ಮುಗಿದ ಮೇಲೆ ಚಾ ಕುಡಿಯುತ್ತ ಅಕ್ಕೋರು ಒಂದಿಷ್ಟು ಹೇಳುತ್ತಿದ್ದರು. ಅವರ ತವರು ಲಕ್ಷ್ಮೇಶ್ವರ. ತಂದೆ ಅಲ್ಲಿಯ ಗರಡಿಮನೆಯ ವಸ್ತಾದರು, ಹುಡುಗರಿಗೆ ಮಲ್ಲಕಂಬ ಕಲಿಸುವವರು. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿಲ್ಲ. ಅದಕ್ಕೇ ಮಗಳಿಗಾಗಿ ಹಿತ್ತಲಲ್ಲಿ ಬೇರೆ ಕಂಬ ನೆಟ್ಟಿದ್ದರಂತೆ. ಅದು ಕಟ್ಟಿಗೆಯದು. ಕಟ್ಟಿಗೆಯ ಕಂಬಕ್ಕೆ ಔಡಲ ಎಣ್ಣೆ ತಿಕ್ಕಲೇಬೇಕು, ಇಲ್ಲದಿದ್ದರೆ ಮೈ ತರಚಿ ಸಿಪ್ಪೆ ಏಳುತ್ತದೆ. ದಿನಾ ಬೆಳಿಗ್ಗೆ ತಂದೆ ತಮ್ಮ ಕೈಯಿಂದಲೇ ಎಣ್ಣೆ ತಿಕ್ಕಿ, “ಹತ್ತು ಮಗಳ” ಎನ್ನುತ್ತಿದ್ದರಂತೆ. ಮಗಳು ದೊಡ್ಡವಳಾದ ವಾರವೇ ಅದೇ ಕೈಯಿಂದ ಆ ಕಂಬವನ್ನು ಕಿತ್ತುಹಾಕಿದರು.

ಅಕ್ಕೋರು ಮದುವೆಯಾಗಿ ಪುಣೆಗೆ ಹೋದರು. ಅಲ್ಲಿ ಸ್ಟೀಲಿನ ಕಂಬ ಸಿಕ್ಕಿತು. ಗಂಡನಿಗೆ ಮುಂಡರಗಿ ಕಡೆಯ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸ ಸಿಕ್ಕಾಗ ಗದಗಿಗೆ ಬಂದರು. ಗಂಡ ಹೆಂಡತಿ ಇಬ್ಬರೂ ಕಂಬ ಹತ್ತಿಯೇ ಹೊಟ್ಟೆ ಹೊರೆಯುವವರು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಕ್ಲಾಸು ಶುರುವಾದ ಸುದ್ದಿ ಲಕ್ಷ್ಮೇಶ್ವರಕ್ಕೆ ಮುಟ್ಟಲು ತಡವಾಗಲಿಲ್ಲ. ತಂದೆ ಒಂದು ದಿನ ಬಸ್ಸು ಹತ್ತಿ ಬಂದು, ಮಾಳಿಗೆ ಏರದೆ, ಕೆಳಗಿನ ಮೆಟ್ಟಿಲ ಮೇಲೆ ನಿಂತು, “ಹಣಮಪ್ಪನ ಕಂಬಾ ಹಿಡದು ಮಂದೀನ ಕುಣಸಾಕತ್ತಿಯೇನ?” ಎಂದಷ್ಟೇ ಕೇಳಿ ಹೊರಟುಹೋದರಂತೆ. ಅಂದಿನಿಂದ ಮಾತು ಬಂದ್.

“ಬೈದಿದ್ರ ಬೈಸ್ಕೊಂತಿದ್ದೆ. ಹೊಡದಿದ್ರೂ ನಡೀತಿತ್ತು,” ಎನ್ನುತ್ತಿದ್ದರು ಅಕ್ಕೋರು. “ಒಂದ ಸಲ ಮ್ಯಾಲ ಬಂದು ನನ್ನ ಕಂಬಾ ಮುಟ್ಟಿದ್ರ ಸಾಕ್ರಿ. ಮತ್ತೇನೂ ಬ್ಯಾಡ ನನಗ.”

ಪ್ರತಿ ದಸರೆಗೂ ತಮ್ಮನ ಕೈಯಲ್ಲಿ ತಂದೆಗೆ ಹೇಳಿಕಳಿಸುತ್ತಿದ್ದರು, ಖಂಡೆಪೂಜೆಗೆ ಬಾ ಎಂದು. ನವಮಿಯ ದಿನ ನಮ್ಮ ಕಡೆ ದುಡಿಮೆಯ ಸಾಮಾನಿಗೆಲ್ಲ ಪೂಜೆ. ನಾನು ಹೊಲಿಗೆ ಮಶೀನಿಗೆ ವಿಭೂತಿ ಹಚ್ಚುತ್ತೇನೆ, ಡ್ರೈವರು ಬಸ್ಸಿಗೆ ಹಾರ ಹಾಕುತ್ತಾನೆ, ಗರಡಿಯಲ್ಲಿ ಮಲ್ಲಕಂಬಕ್ಕೆ ಆರತಿ ಎತ್ತುತ್ತಾರೆ. ಮಾಳಿಗೆಯ ಮೇಲೆ ನಮ್ಮ ಸ್ಟೀಲಿನ ಕಂಬಕ್ಕೂ ಪೂಜೆ ಆಗುತ್ತಿತ್ತು. ತಂದೆ ಬರುತ್ತಿರಲಿಲ್ಲ.

ಆ ವರ್ಷ ನವಮಿಯ ಮುಂಜಾನೆ ನಾವೆಲ್ಲ ಬೇಗನೇ ಸೇರಿದೆವು. ತುಳಿದ ಗಾದಿಯ ಮೇಲೆ ಪೂಜೆ ಮಾಡುವುದು ಹೇಗೆ ಎಂದು ಅದನ್ನು ಎತ್ತಿ ಗೋಡೆಗೆ ಒರಗಿಸಿದೆವು. ಕಂಬದ ಬುಡದ ನೆಲ ಒರೆಸಿ ರಂಗೋಲಿ ಹಾಕಿದೆವು. ಆಮೇಲೆ ಚೆಂಡುಹೂವು, ಬಾಳೆಕಂದು ತರಲು ಎಲ್ಲರೂ ಅಕ್ಕೋರ ಜೊತೆ ಪೇಟೆಗೆ ಇಳಿದೆವು. ಬಾಗಿಲಿಗೆ ಚಿಲಕ ಹಾಕದೆ ಬರೀ ಮುಂದೆ ಮಾಡಿ ಹೋಗಿದ್ದೆವು. ಹಬ್ಬದ ದಿನ ಯಾರು ಬರುತ್ತಾರೆ ಎಂದು.

ತಿರುಗಿ ಬಂದಾಗ ಮೆಟ್ಟಿಲ ಮೇಲ್ಗಡೆ ಒಂದು ಜೊತೆ ಹಳೆಯ ಕೆರ ಇದ್ದವು. ಅಕ್ಕೋರು ಅವನ್ನು ನೋಡಿ ಅಲ್ಲೇ ನಿಂತರು. ನನಗೆ ಮಾತ್ರ ಬೇರೆ ಏನೋ ಮೂಗಿಗೆ ಬಡಿಯಿತು. ಮೆಟ್ಟಿಲ ತುಂಬ ಔಡಲ ಎಣ್ಣೆಯ ವಾಸನೆ.

ಒಳಗೆ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಪ್ರೆಸ್ಸಿನ ಎತ್ತರದ ಸ್ಟೂಲಿನ ಮೇಲೆ ನಿಂತು, ಎರಡೂ ಕೈಯಿಂದ ಕಂಬ ತಿಕ್ಕುತ್ತಿದ್ದರು. ಕೆಳಗೆ ಎಣ್ಣೆಯ ಹಿತ್ತಾಳೆ ಬಟ್ಟಲು ಖಾಲಿಯಾಗಿತ್ತು. ಕೂಸಿಗೆ ಎರೆಯುವ ಮುಂಚೆ ಮೈ ತೀಡುವ ಹಾಗೆ, ತೊಲೆಯಿಂದ ನೆಲದವರೆಗೆ ಒಂದು ಗೇಣೂ ಬಿಡದೆ ತೀಡಿದ್ದರು. ಕಂಬ ಫಳಫಳ ಹೊಳೆಯುತ್ತಿತ್ತು.

“ಎಷ್ಟ ಒಣಗಿಸಿಯವಾ ಇದನ್ನ!” ಎಂದರು ಮಗಳ ಕಡೆ ತಿರುಗದೆ. “ಕಂಬಾನ ಹಿಂಗ ಉಪವಾಸ ಇಡ್ತಾರೇನು?”

ಅಷ್ಟು ವರ್ಷದ ಮೇಲೆ ಮೊದಲ ಮಾತು ಅದು. ಅಕ್ಕೋರು ಹೂವು ಕೆಳಗೆ ಹಾಕಿ ಓಡಿ ಅವರ ಕಾಲು ಹಿಡಿದರು. ಅವರು ಸ್ಟೂಲಿನಿಂದ ಇಳಿದು, ಎಣ್ಣೆಯ ಕೈಯನ್ನೇ ಮಗಳ ತಲೆಯ ಮೇಲಿಟ್ಟರು. ಇಬ್ಬರೂ ಅತ್ತರು. ನಾವೂ ಅತ್ತೆವು. ಅಳುತ್ತಲೇ ನನ್ನ ಕಣ್ಣು ಕಂಬದ ಕಡೆ ಹೋಗುತ್ತಿತ್ತು.

ಬೇಕರಿಯವರ ಸೊಸೆ ತಡೆಯಲಾರದೆ “ಅಕ್ಕೋರ, ಎಣ್ಣಿ…” ಎಂದಳು. ಅಕ್ಕೋರು ಅವಳ ಕಡೆ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ. “ನೀವು ಚಾ ಇಡ್ರಿ” ಎಂದರು. ಅವಳು ಸ್ಟವ್ ಕಡೆ ಹೋದಳು. ಹೇಳಿಬಿಡಬೇಕಿತ್ತು ಎಂದು ಇದನ್ನು ಕೇಳಿದವರು ಅನ್ನಬಹುದು. ತಂದೆಯ ಕೈ ತಲೆಯ ಮೇಲಿದ್ದ ಆ ಮುಖವನ್ನು ನೋಡಿದ್ದರೆ ಅವರ ಬಾಯಿಯೂ ಏಳುತ್ತಿರಲಿಲ್ಲ.

ಪೂಜೆ ಆಯಿತು. ವಸ್ತಾದರು ಕಂಬಕ್ಕೆ ವಿಭೂತಿ ಎಳೆದು, ಕಾಯಿ ಒಡೆದು, ಪಟಗ ಸರಿಮಾಡಿಕೊಂಡು ನಿಂತರು.

“ಹತ್ತು ಮಗಳ.”

“ಮೊದಲ ಚಾ ಕುಡಿಯಪ್ಪಾ.”

“ಚಾ ಆಮ್ಯಾಲ. ಪೂಜಿ ಆದ ಕಂಬಾ ಖಾಲಿ ಬಿಡಬಾರದು. ಮರತಿಯೇನು?”

“ನಾಳೆ ಬನ್ನಿ ಕೊಡಾಕ ಊರಿಗೆ ಬರ್ತೇನಲಾ. ಅಲ್ಲೇ ಹಿತ್ತಲದಾಗ ಹತ್ತತೇನಿ.” ಅಲ್ಲಿ ಕಂಬವೇ ಇಲ್ಲ ಎಂಬುದು ಆ ಗಡಿಬಿಡಿಯಲ್ಲಿ ಅವರಿಗೆ ಮರೆತುಹೋಗಿರಬೇಕು.

“ಅಲ್ಲೆಲ್ಲೈತಿ ಕಂಬಾ? ನಾನ ಕಿತ್ತ ಒಗದೇನಿ.” ಮುದುಕರು ಸ್ಟೀಲಿನ ಕಂಬದ ಮೇಲೆ ಕೈಯಿಟ್ಟರು. “ಇದ ನಿನ್ನ ಕಂಬಾ. ಇದನ್ನ ಹತ್ತು. ನಾ ನೋಡಬೇಕು.”

ಅಕ್ಕೋರು ಬಟ್ಟೆ ಬದಲಿಸಲು ಒಳಗೆ ಹೋದರು. ಹೊರಗೆ ಬಂದಾಗ ಹಿಮ್ಮಡಿಯವರೆಗೂ ಮುಚ್ಚುವ ಪೈಜಾಮ ಹಾಕಿಕೊಂಡಿದ್ದರು. ಹೆತ್ತ ತಂದೆಯ ಮುಂದೆ ನಾನು ಹೊಲಿದ ಚಡ್ಡಿಯಲ್ಲಿ ನಿಲ್ಲುವುದುಂಟೇ? ನನ್ನ ಹತ್ತಿರ ನಿಂತು ಟವೆಲಿನಲ್ಲಿ ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ಒಂದ ಸಲ ಕಂಬಾ ಒರಸೂಣ್ರಿ” ಎಂದು ಪಿಸುಗುಟ್ಟಿದೆ.

“ಅವರ ಮುಂದ? ಅವರು ಹಚ್ಚಿದ್ದನ್ನ?” ಎಂದರು. “ಸಣ್ಣದೊಂದು ಮಾಡಿ ಇಳದುಬಿಡ್ತೇನಿ. ಸುಮ್ನಿರ್ರಿ.”

ಗಾದಿ ಗೋಡೆಗೆ ಒರಗಿಕೊಂಡೇ ಇತ್ತು. “ಗಾದಿನಾದ್ರೂ ಹಾಸೂಣ” ಎಂದು ನಾನು ಎದ್ದೆ. “ರಂಗೋಲಿ ಮ್ಯಾಲ ಹಾಸ್ತಾರೇನು ತಂಗಿ, ದೀಪ ಐತಿ” ಎಂದು ವಸ್ತಾದರು ಕೈ ಅಡ್ಡ ಹಿಡಿದರು.

ಅಕ್ಕೋರು ಏರಿದರು. ತೊಡೆಗೆ ಹಿಡಿತವಿಲ್ಲ, ಅಂಗೈಗೆ ಹಿಡಿತವಿಲ್ಲ. ಮೊಣಕೈ ಮಡಚಿ, ಕಂಬವನ್ನು ತೋಳಿನಲ್ಲಿ ಅಪ್ಪಿಕೊಂಡು, ಬರೀ ಹಟದಿಂದ ಏರಿದರು. ಕುತ್ತಿಗೆಯ ನರ ಉಬ್ಬಿದ್ದವು. ಅರ್ಧ ಏರಿ ಜಾರಿದರು, ಮತ್ತೆ ಏರಿದರು. ವಸ್ತಾದರಿಗೆ ಅದೊಂದೂ ಕಾಣಲಿಲ್ಲ. ಅವರಿಗೆ ಕಂಡದ್ದು ಹಿತ್ತಲಿನ ಪುಟ್ಟ ಹುಡುಗಿ. ಚಪ್ಪಾಳೆ ತಟ್ಟುತ್ತಿದ್ದರು.

“ಶಾಬ್ಬಾಸ್! ಈಗ ತಲಿ ಕೆಳಗ ಮಾಡಿ ಕೈ ಮುಗಿ. ಹಣಮಪ್ಪಗ ಮುಗಿ.”

ತಲೆಕೆಳಗಾಗಿ ಕೈ ಮುಗಿಯುವುದು ಅವರ ಗರಡಿಯ ಪದ್ಧತಿಯಂತೆ. ಸಾಕು ಇಳೀರಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅಕ್ಕೋರು ತಂದೆಯನ್ನು ನೋಡಿದರು. ಕಾಲು ಮೇಲೆ ಹೆಣೆದು ತಲೆ ಕೆಳಗೆ ಮಾಡಿದರು. ಒಂದು ಕೈ ಬಿಟ್ಟರು. ಇನ್ನೊಂದನ್ನೂ ಬಿಟ್ಟರು. ಎರಡೂ ಕೈ ಸೇರಿಸಿ ತಂದೆಗೆ ಮುಗಿದು ನಕ್ಕರು. ಆ ನಗೆಯನ್ನು ನಾನು ಅದಕ್ಕೆ ಮೊದಲು ಅವರ ಮುಖದ ಮೇಲೆ ಕಂಡಿರಲಿಲ್ಲ…

ಸದ್ದು ದೊಡ್ಡದೇನೂ ಆಗಲಿಲ್ಲ. ದೀಪ ಉರುಳಿತು. ರಂಗೋಲಿ ಕೆಟ್ಟಿತು.

“ಏಳವಾ,” ಎಂದರು ವಸ್ತಾದರು. “ಏಳ, ಬಿದ್ದಾಕಿ ಜಲ್ದಿ ಏಳಬೇಕು.” ಗರಡಿಯಲ್ಲಿ ಹುಡುಗರಿಗೆ ಹೇಳುವ ಮಾತಿರಬೇಕು ಅದು. ಅದನ್ನೇ ಹೇಳುತ್ತ ನಿಂತಿದ್ದರು.

ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವಾಗ ಗಾಡಿಯಲ್ಲಿ ಅವರ ಪಕ್ಕ ನಾನು ಕುಳಿತಿದ್ದೆ. ವಸ್ತಾದರು ಮುಂದೆ ಡ್ರೈವರನ ಬಾಜು ಇದ್ದರು. ಅಣ್ಣಿಗೇರಿ ದಾಟುವ ಹೊತ್ತಿಗೆ ಅಕ್ಕೋರು ಕಣ್ಣು ತೆರೆದರು. ಕೈಕಾಲು ಆಡುತ್ತಿರಲಿಲ್ಲ. ತುಟಿಯ ಹತ್ತಿರ ಕಿವಿ ಒಯ್ದೆ.

“ಎಣ್ಣೀದು ಅಪ್ಪಗ ಹೇಳಬ್ಯಾಡ್ರಿ,” ಎಂದರು. “ಯಾರೂ ಹೇಳಬ್ಯಾಡ್ರಿ.”

ಆಮೇಲೆ ಮಾತಾಡಲಿಲ್ಲ. ಮರುದಿನ ದಶಮಿ. ಊರೆಲ್ಲ ಮನೆಮನೆಗೆ ಹೋಗಿ ಬನ್ನಿ ಕೊಟ್ಟು, ಮಾತು ಬಿಟ್ಟವರೂ ಮಾತಾಡುವ ಹೊತ್ತಿನಲ್ಲಿ ಅವರು ಹೋದ ಸುದ್ದಿ ಬಂತು.

ಊರಿನ ಬಾಯಿಗೆ ಅದು ಹಬ್ಬವೇ ಆಯಿತು. ಕುಣಿಯಲು ಹೋದವಳಿಗೆ ದೇವರು ತೋರಿಸಿದ ಎಂದರು ಕೆಲವರು. ತೊಲೆ ಸಡಿಲಾಗಿತ್ತು ಎಂದರು ಇನ್ನು ಕೆಲವರು. ಸಿಟ್ಟಿನಿಂದ ನನ್ನ ಮೈ ಉರಿಯುತ್ತಿತ್ತು, ಆದರೆ ಖರೆ ಮಾತು ಹೇಳಿದರೆ ಅದು ಲಕ್ಷ್ಮೇಶ್ವರದವರೆಗೂ ಹೋಗುತ್ತದೆ. ಹಾಗಾಗಿ ನಾವು ಹೆಂಗಸರು ಒಬ್ಬರೂ ತುಟಿ ಬಿಚ್ಚಲಿಲ್ಲ. ಅಕ್ಕೋರ ಗಂಡ ಊರು ಬಿಟ್ಟರು. ಆ ಮಾಳಿಗೆಯಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿಗಳನ್ನು ಒಟ್ಟಿದ್ದಾರೆ. ಬೇಕರಿಯವರ ಸೊಸೆ ಪೇಟೆಯಲ್ಲಿ ಸಿಕ್ಕರೆ ಮಕ್ಕಳ ಶಾಲೆ, ತರಕಾರಿ ರೇಟು ಎಲ್ಲ ಮಾತಾಡುತ್ತೇವೆ. ಅದೊಂದನ್ನು ಬಿಟ್ಟು.

ಆ ಬಾಣಂತಿಯ ಮನೆಯಿಂದ ಓಡಿಬಂದ ಮರುದಿನ, ವಸ್ತಾದರು ನನ್ನ ಅಂಗಡಿಯ ಹೊಸ್ತಿಲ ಮೇಲೆ ಬಂದು ನಿಂತರು. ಗುರುತು ಹಿಡಿಯಲು ಹೊತ್ತಾಯಿತು, ಅಷ್ಟು ಇಳಿದುಹೋಗಿದ್ದರು. ಕುರ್ಚಿ ಕೊಟ್ಟೆ. ನೀರು ಕೊಟ್ಟೆ. ಗುಟುಕು ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡು ಕುಳಿತರು.

“ನೀ ಅವತ್ತ ಅಲ್ಲಿದ್ದಿ ಅಲ್ಲವಾ?”

“ಇದ್ದೆರಿ ಅಜ್ಜಾರ.”

“ಒಂದ ಮಾತ ಕೇಳ್ತೇನಿ. ಖರೆ ಹೇಳು. ನಾ ಎಣ್ಣಿ ಕಡಿಮಿ ಹಚ್ಚಿದ್ನೇನು?”

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ.

“ಬಟ್ಟಲ ಸಣ್ಣದಿತ್ತು,” ಎಂದರು ಅವರು. “ಕಂಬಾ ಒಣಾ ಇತ್ತು, ಎಷ್ಟ ಕುಡೀತೋ ಏನೋ. ಕಡಿಮಿ ಬಿದ್ದು ನನ್ನ ಕೂಸಿನ ಮೈ ಹಿಡದಿರಬೇಕು. ಅದಕ್ಕ ಬಿದ್ಲು. ದಿನಾ ಅದ ವಿಚಾರ ನನಗ. ಈಗ ಗರಡ್ಯಾಗ ಹುಡುಗರ ಕಂಬಕ್ಕ ಎರಡೆರಡ ಸಲ ಹಚ್ಚತೇನಿ.”

ಸ್ಟೀಲು ಎಣ್ಣೆ ಕುಡಿಯುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಲೋಟ ಹಿಡಿದ ಅವರ ಕೈ ನೋಡಿದೆ. ಮಗಳ ತಲೆಯ ಮೇಲೆ ಇಟ್ಟ ಕೈ.

“ಇಲ್ರಿ ಅಜ್ಜಾರ. ಎಣ್ಣಿ ಕಡಿಮಿ ಇರ್ಲಿಲ್ಲ. ಬೇಕಾದಷ್ಟ ಇತ್ತು. ಹುಡುಗರ ಕಂಬಕ್ಕೂ ಎರಡ ಸಲ ಬ್ಯಾಡ್ರಿ, ಮೊದಲಿನಂಗ ಹಚ್ಚರಿ, ಸಾಕು.”

“ಮತ್ತ ಯಾಕ ಬಿದ್ಲು?”

“ಗೊತ್ತಿಲ್ರಿ” ಎಂದೆ.

ಅವರು ಲೋಟ ಮೇಜಿನ ಮೇಲಿಟ್ಟು ಎದ್ದರು. “ಬೇಕಾದಷ್ಟ ಇತ್ತಂದಿ. ಹಂಗಾರ ಆತು ಬಿಡವಾ. ಇವತ್ತ ನಿದ್ದಿ ಬರ್ತೈತಿ” ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಅವರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಅಕ್ಕೋರು ಇಲ್ಲವಾದ ಮೇಲೆ ಅವರಿಗಾಗಿ ನಾನು ಹಾಗೆ ದನಿ ತೆಗೆದು ಅತ್ತದ್ದು ಅದೇ ಮೊದಲು.